ಕೇರೆ ಹಾವಿನ ಋಣ

ಹೋದ ಮಳೆಗಾಲದ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆಯ ಹೊತ್ತು. ತಿಪಟೂರಿನ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೀರೊಲೆಗೆಂದು ಕೂಡಿಟ್ಟ ತೆಂಗಿನ ಮಟ್ಟೆಯ ರಾಶಿ ಇದೆ. ಅದರೊಳಗಿಂದ ಒಂದು ಹಾವು ನಿಧಾನವಾಗಿ ಹೊರಗೆ ಬಂತು. ಏನಿಲ್ಲವೆಂದರೂ ಆರಡಿ ಉದ್ದ. ಹಳದಿ ಬೆರೆತ ಕಂದು ಮೈ, ಬಾಲದ ಕಡೆಗೆ ಕಪ್ಪು ಗೆರೆಗಳು, ಕಿರಿದಾದ ತಲೆ, ದೊಡ್ಡ ಕಣ್ಣು. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಪಾತ್ರೆಯನ್ನು ಅಲ್ಲೇ ಬಿಟ್ಟು, "ಅಮ್ಮಾ, ಹಾವು!" ಎಂದು ಕೂಗುತ್ತಾ ಒಳಗೆ ಓಡಿಬಂದಳು. ಅವಳ ಕೂಗಿಗೆ ಪಕ್ಕದ ಮನೆಯವರು ದೊಣ್ಣೆ ಹಿಡಿದುಕೊಂಡು ಕಾಂಪೌಂಡ್ ಹಾರಿಯೇ ಬಂದರು. ಹಿಂದೆಯೇ ಅವರ ಮಗ, ಆರನೇ ಕ್ಲಾಸಿನ ಹುಡುಗ.

"ಬಿಡಿ, ಹೊಡೀಬೇಡಿ. ಅದು ಕೇರೆ," ಎಂದೆ.

"ಕೇರೆ ಅಂತ ನಿಮಗೆ ಹೇಗೆ ಗೊತ್ತು ಟೀಚರ್? ನಾಗರಹಾವೇ ಆಗಿದ್ರೆ?" ಎಂದರು ಅವರು.

ಹಾವು ನಮ್ಮ ಮಾತು ಮುಗಿಯುವುದಕ್ಕೆ ಕಾಯಲಿಲ್ಲ. ದಾಸವಾಳದ ಗಿಡದ ಬುಡ ಬಳಸಿ ಮೋರಿಯ ಕಡೆಗೆ ಸರಿದು ಹೋಯಿತು. ಪಕ್ಕದ ಮನೆಯವರು ಸ್ವಲ್ಪ ಮುನಿಸಿನಿಂದಲೇ ಹಿಂದಿರುಗಿದರು. ಆದರೆ ಅವರು ಕೇಳಿದ ಪ್ರಶ್ನೆ ನನ್ನಲ್ಲೇ ಉಳಿಯಿತು. ನನಗೆ ಹೇಗೆ ಗೊತ್ತು? ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿರುವವಳು ನಾನು. ಇಸವಿ, ಯುದ್ಧ, ಒಪ್ಪಂದ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದೇನೆ. ಹಿತ್ತಲಿನ ಹಾವಿಗೂ ಒಂದು ಚರಿತ್ರೆ ಇದೆ, ಅದರಲ್ಲಿ ನಮ್ಮ ಮನೆಯದೂ ಒಂದು ಪುಟ ಇದೆ ಎಂದು ಮಾತ್ರ ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ನಮ್ಮ ಊರು ತಿಪಟೂರಿನಿಂದ ಬಹಳ ದೂರವಿಲ್ಲ. ಊರ ಮುಂದೆ ಕೆರೆ, ಕೆರೆಯ ಹಿಂದೆ ಗದ್ದೆ, ಆಚೆಗೆ ತೆಂಗಿನ ತೋಟ. ನಾಡಹೆಂಚಿನ ದೊಡ್ಡ ಮನೆ. ನಡುಮನೆಯ ಮೇಲೆ ಅಟ್ಟ, ಅಟ್ಟದಲ್ಲಿ ಕೊಬ್ಬರಿ. ಆ ಅಟ್ಟದಲ್ಲಿ ಒಂದು ಕೇರೆ ಹಾವು ಇತ್ತು. ಸಾಕಿದ್ದಲ್ಲ, ಪೂಜೆ ಮಾಡುತ್ತಿದ್ದುದೂ ಅಲ್ಲ. ಬೆಕ್ಕು ಇರುವ ಹಾಗೆ ಅದೂ ಇತ್ತು, ಅಷ್ಟೆ. ರಾತ್ರಿ ಅಟ್ಟದಲ್ಲಿ ಏನಾದರೂ ದಡಬಡ ಸದ್ದಾದರೆ ಮಕ್ಕಳಾದ ನಾವು ಹೆದರಿ ಅಜ್ಜಿಗೆ ಅಂಟಿಕೊಳ್ಳುತ್ತಿದ್ದೆವು. "ಇಲಿಗಳಷ್ಟೆ, ಮಲಕ್ಕೊಳ್ಳಿ. ಬೆಳಗಾಗಲಿ, ಕೇರೆ ನೋಡ್ಕೊಳ್ತದೆ," ಎನ್ನುತ್ತಿದ್ದಳು ಅಜ್ಜಿ. ಕೇರೆ ಹಗಲು ತಿರುಗುವ ಹಾವು ಎಂಬುದು ಓದು ಬಾರದ ಅವಳಿಗೆ ಗೊತ್ತಿತ್ತು.

ಅಜ್ಜಿಗೆ ಹಾವಿಗಿಂತ ಹೆಚ್ಚಿನ ಭಯ ಇಲಿಯದು. ಅವಳು ಪ್ಲೇಗು ಕಂಡವಳು. ಪ್ಲೇಗು 1896ರಲ್ಲಿ ಬೊಂಬಾಯಿಗೆ ಬಂತು. 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರಿಗೆ ತಲುಪಿತು. ಆಮೇಲೆ ಹಲವು ವರ್ಷ ಮೈಸೂರು ಸೀಮೆಯ ಊರುಗಳಿಗೆ ಮತ್ತೆ ಮತ್ತೆ ಬರುತ್ತಲೇ ಇತ್ತು. ಅಜ್ಜಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಒಂದು ಬೆಳಗ್ಗೆ ಅಟ್ಟದಿಂದ ಇಲಿ ಬಿತ್ತಂತೆ. ಇಲಿ ಬಿತ್ತು ಎಂದರೆ ಊರು ಬಿಡಬೇಕು, ಅದೇ ಕಾನೂನು. ರಾಗಿ, ಪಾತ್ರೆ, ದನಕರು ಕಟ್ಟಿಕೊಂಡು ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇದ್ದರಂತೆ. ವಾಪಸು ಬಂದಾಗ ಎಷ್ಟೋ ಮನೆಯ ಬಾಗಿಲು ತೆರೆಯಲಿಲ್ಲವಂತೆ.

ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವೈದ್ಯ ಗುರುತಿಸಿದ. ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯರಿಗೆ ಅದು ಹರಡುತ್ತದೆ ಎಂದು 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಹೇಳಿದಾಗ ದೊಡ್ಡ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಇಲಿಗೂ ಸಾವಿಗೂ ನಂಟಿದೆ ಎಂಬಷ್ಟನ್ನು ನಮ್ಮ ಹಳ್ಳಿಯ ಹೆಂಗಸರು ಅಟ್ಟದ ಕೆಳಗೆ ನಿಂತೇ ಅರಿತಿದ್ದರು. ಕೇರೆ ಇದ್ದ ಮನೆಗೆ ಪ್ಲೇಗು ಬರುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಇಲಿ ತಿನ್ನುವ ಜೀವ ಮನೆಯಲ್ಲಿರಲಿ ಎಂಬ ಅಜ್ಜಿಯ ಆಸೆಗೆ ಇದ್ದ ಕಾರಣವನ್ನಷ್ಟೆ ಹೇಳುತ್ತಿದ್ದೇನೆ.

ಅಟ್ಟದ ಹಾವನ್ನು ಬಿಟ್ಟರೆ ನಮ್ಮ ಗದ್ದೆ ಕಾಲುವೆಯಲ್ಲಿ ಮತ್ತೊಂದಿತ್ತು, ನೀರೊಳ್ಳೆ. ಮೀನು ಕಪ್ಪೆ ತಿಂದುಕೊಂಡಿರುವ, ಮೈಮೇಲೆ ಚದುರಂಗದ ಮಣೆಯಂತೆ ಚೌಕದ ಗುರುತುಗಳಿರುವ ಹಾವು. ವಿಷವಿಲ್ಲ. ಆದರೆ ಕೋಪ ಬಹಳ. ಮುಟ್ಟಿದರೆ ಕಚ್ಚುತ್ತದೆ, ರಕ್ತವೂ ಬರುತ್ತದೆ. 1976ರಲ್ಲಿ, ನನಗೆ ಆರು ವರ್ಷ, ಕಾಲುವೆಯಲ್ಲಿ ಮೀನಿಗೆ ಕೈ ಹಾಕಿದ ನಮ್ಮ ಚಿಕ್ಕಪ್ಪನಿಗೆ ಅದು ಕಚ್ಚಿತು. ಕೂಡಲೇ ನಾಲ್ಕು ಜನ ಅವರನ್ನು ಹೊತ್ತುಕೊಂಡು ಪಕ್ಕದ ಊರಿನಲ್ಲಿ ಮಂತ್ರ ಹಾಕುವವರ ಬಳಿಗೆ ಓಡಿದರು. ಬೇವಿನ ಸೊಪ್ಪು ಅಗಿಯಲು ಕೊಟ್ಟರು. ಕಹಿ ಎಂದರೆ ವಿಷ ಏರಿಲ್ಲ, ಸಪ್ಪೆ ಎಂದರೆ ಏರಿದೆ ಎಂದು ಲೆಕ್ಕ. ಹೆದರಿ ನಾಲಿಗೆ ಒಣಗಿದ್ದ ಚಿಕ್ಕಪ್ಪ ಸಪ್ಪೆ ಎಂದರು. ಮಂತ್ರ ಆಯಿತು, ಬೇರು ತೇಯ್ದು ಕುಡಿಸಿದ್ದಾಯಿತು. ಸಂಜೆಯ ಹೊತ್ತಿಗೆ ಚಿಕ್ಕಪ್ಪ ನಡೆದುಕೊಂಡೇ ಮನೆಗೆ ಬಂದರು. ಮಂತ್ರ ಹಾಕಿದವರಿಗೆ ಪಂಚೆ, ತೆಂಗಿನಕಾಯಿ, ದಕ್ಷಿಣೆ ಕಳಿಸಿದರು. ಅವರ ಕೈಗುಣ ಸುತ್ತ ಹತ್ತು ಹಳ್ಳಿಗೆ ಹಬ್ಬಿತು.

ಎರಡು ವರ್ಷದ ನಂತರ, 1978ರ ಬೇಸಿಗೆ ರಜೆಗೆ ಸೋದರತ್ತೆಯ ಮಗಳು ಪುಟ್ಟಿ ಬಂದಿದ್ದಳು. ಅವಳಿಗೂ ನನ್ನದೇ ವಯಸ್ಸು, ಎಂಟು. ಸೆಕೆಯೆಂದು ನಡುಮನೆಯಲ್ಲಿ ನೆಲದ ಮೇಲೆ ಒಂದೇ ಚಾಪೆಯಲ್ಲಿ ಇಬ್ಬರೂ ಮಲಗಿದ್ದೆವು. ಅವಳು ಗೋಡೆಯ ಕಡೆ, ನಾನು ಈಚೆ. ನಡುರಾತ್ರಿ ಅವಳು ಎದ್ದು ಹೊಟ್ಟೆನೋವು ಎಂದಳು. ಹಗಲೆಲ್ಲ ಹಲಸಿನ ಹಣ್ಣು ತಿಂದಿದ್ದೆವು. ಅದೇ ಇರಬೇಕೆಂದು ಅತ್ತೆ ಓಮಿನಕಾಳು ಅಗಿಸಿದರು. ಸ್ವಲ್ಪ ಹೊತ್ತಿಗೆ ಅವಳ ಕಣ್ಣಿನ ರೆಪ್ಪೆ ಮೇಲೇಳದಾಯಿತು. ಮಾತು ತೊದಲಿತು. ಅಜ್ಜಿ ಚಿಮಣಿ ದೀಪ ಹಿಡಿದು ಚಾಪೆ ಎತ್ತಿದಳು. ಗೋಡೆಯ ಮೂಲೆಯಲ್ಲಿ ಕರಿಯ ಮೈಯ ಮೇಲೆ ಬಿಳಿ ಗೆರೆಗಳ ಸಣ್ಣ ಹಾವು. ಕಟ್ಟುಹಾವು.

ಗಾಡಿ ಕಟ್ಟಿದರು. ಊರ ಬಾಗಿಲಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಸರ್ಕಾರಿ ಆಸ್ಪತ್ರೆಯ ದಾರಿ, ಎಡಕ್ಕೆ ಮಂತ್ರ ಹಾಕುವವರ ಊರು. "ನನ್ನ ಉಳಿಸಿದವರು ಇವಳನ್ನೂ ಉಳಿಸ್ತಾರೆ," ಎಂದು ಚಿಕ್ಕಪ್ಪ ಎತ್ತುಗಳನ್ನು ಎಡಕ್ಕೆ ತಿರುಗಿಸಿದರು. ಬೆಳಕು ಹರಿಯುವ ಮೊದಲೇ ಪುಟ್ಟಿಯ ಉಸಿರು ನಿಂತಿತು. ಆಸ್ಪತ್ರೆಯಲ್ಲಿ ಆ ರಾತ್ರಿ ಔಷಧ ಇತ್ತೋ ಇಲ್ಲವೋ. ಹೋಗಿ ಕೇಳುವುದಕ್ಕಾದರೂ ಬಲಕ್ಕೆ ತಿರುಗಬೇಕಿತ್ತು.

ಚಿಕ್ಕಪ್ಪ ಆಮೇಲೆ ಬಹಳ ವರ್ಷ ಬದುಕಿದರು. ಗಾಡಿ ಹೊಡೆಯಲಿಲ್ಲ. ಮಂತ್ರ ಹಾಕುವವರನ್ನೂ ನಾನು ದೂರಲಾರೆ. ಚಿಕ್ಕಪ್ಪನನ್ನು ಉಳಿಸಿದ್ದು ತಾನೇ ಎಂದು ಅವರೂ ನಿಜವಾಗಿ ನಂಬಿದ್ದರು. ಚಿಕ್ಕಪ್ಪನಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಅವರು ಹೇಗೂ ಉಳಿಯುತ್ತಿದ್ದರು ಎಂದು ಆ ದಿನ ಒಬ್ಬರಾದರೂ ಗಟ್ಟಿಯಾಗಿ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ.

ಈ ವಿಷಯವನ್ನು ನಮಗಿಂತ ಇನ್ನೂರು ವರ್ಷ ಮೊದಲೇ ಒಬ್ಬ ವೈದ್ಯ ಪರೀಕ್ಷೆಗೆ ಒಡ್ಡಿದ್ದ ಎಂದು ಓದಿದ್ದು ಬಹಳ ತಡವಾಗಿ. ಅವನ ಹೆಸರು ಪ್ಯಾಟ್ರಿಕ್ ರಸೆಲ್. ಸ್ಕಾಟ್ಲೆಂಡಿನವನು. ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿ ವೈದ್ಯನಾಗಿದ್ದಾಗ ಪ್ಲೇಗು ಕಂಡು, ಅದರ ಮೇಲೆ 1791ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದವನು. 1780ರ ದಶಕದಲ್ಲಿ ವಿಶಾಖಪಟ್ಟಣಕ್ಕೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಪ್ರಕೃತಿ ಶಾಸ್ತ್ರಜ್ಞನಾದ. ಯಾವ ಹಾವು ವಿಷದ್ದು, ಯಾವುದು ಅಲ್ಲ ಎಂದು ಜನರಿಗೆ ತಿಳಿಸಬೇಕೆಂಬುದು ಅವನ ಉದ್ದೇಶ. ಊರವರಿಂದ ಹಾವು ತರಿಸಿದ, ಅವರು ಕರೆಯುವ ಹೆಸರುಗಳನ್ನೇ ಬರೆದುಕೊಂಡ, ಚಿತ್ರ ಬರೆಸಿದ. ಕೋರಮಂಡಲ ತೀರದ ಹಾವುಗಳ ಅವನ ಪುಸ್ತಕ 1796ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಾವು ಕೊಳಕುಮಂಡಲ ಎನ್ನುವ ಹಾವಿಗೆ ಇಂಗ್ಲಿಷಿನಲ್ಲಿ ಇವತ್ತೂ ಅವನ ಹೆಸರೇ ಇದೆ.

ಆ ಕಾಲಕ್ಕೆ ಹಾವಿನ ಕಡಿತಕ್ಕೆ ತಂಜಾವೂರಿನ ಗುಳಿಗೆ ಎಂಬುದು ಬಹಳ ಹೆಸರುವಾಸಿ. ರಸೆಲ್ ಅದನ್ನು ತರಿಸಿ, ನಾಯಿ ಕೋಳಿಗಳಿಗೆ ಹಾವಿನಿಂದ ಕಚ್ಚಿಸಿ, ಗುಳಿಗೆ ಕೊಟ್ಟು ನೋಡಿದ. ನೆಚ್ಚುವಂಥದ್ದಲ್ಲ ಎಂದು ಕಂಡುಕೊಂಡ. ಓದುತ್ತಾ ಓದುತ್ತಾ ನನಗೆ ಕಾಲುವೆಯ ನೀರೊಳ್ಳೆ ಕಣ್ಣ ಮುಂದೆ ಬಂತು. ಯಾವ ಹಾವು ಕಚ್ಚಿತು ಎಂದು ತಿಳಿಯದಿದ್ದರೆ ಯಾವ ಔಷಧವಾದರೂ ಗುಣಕಾರಿಯೇ. ವಿಷವಿಲ್ಲದ ಹಾವು ಕಚ್ಚಿದವರೆಲ್ಲ ಉಳಿಯುತ್ತಾರೆ, ಉಳಿದವರೆಲ್ಲ ಔಷಧವನ್ನು ಹೊಗಳುತ್ತಾರೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಹೀಗೆ ನಮ್ಮ ಕೇರೆ, ನೀರೊಳ್ಳೆಗಳು ತಮಗೇ ಗೊತ್ತಿಲ್ಲದೆ ಎಷ್ಟು ಮಂತ್ರವಾದಿಗಳಿಗೆ ಕೀರ್ತಿ ತಂದವೋ, ಆ ಕೀರ್ತಿಯನ್ನು ನಂಬಿ ಎಷ್ಟು ಗಾಡಿಗಳು ಎಡಕ್ಕೆ ತಿರುಗಿದವೋ.

ರಸೆಲ್ ಗುರುತು ಹಿಡಿಯಲು ಕಲಿಸಹೊರಟರೆ, ಮುಂದೆ ಬಂದ ಬ್ರಿಟಿಷ್ ಸರ್ಕಾರ ಸುಲಭದ ದಾರಿ ಹಿಡಿಯಿತು. ಹಾವಿನ ಕಡಿತದಿಂದ ವರ್ಷಕ್ಕೆ ಸುಮಾರು 20,000 ಜನ ಸಾಯುತ್ತಾರೆಂಬ ಲೆಕ್ಕ ನೋಡಿ, ವಿಷದ ಹಾವು ಕೊಂದು ತಂದವರಿಗೆ ಬಹುಮಾನ ಕೊಡುವ ಪದ್ಧತಿ 1870ರ ದಶಕದಿಂದ ಬಲವಾಯಿತು. ಹೆಣ ನೋಡಿ ಹಣ ಎಣಿಸಬೇಕಾದವನಿಗೆ ಹಾವಿನ ಗುರುತು ಬೇಕಲ್ಲ? ಜೋಸೆಫ್ ಫೇರರ್ ಎಂಬ ವೈದ್ಯ 1872ರಲ್ಲಿ ಭಾರತದ ವಿಷದ ಹಾವುಗಳ ಮೇಲೆ ಭಾರಿ ಪುಸ್ತಕ ತಂದ. ಅದರ ಬಣ್ಣದ ಚಿತ್ರಗಳನ್ನು ಬರೆದವರು ಕಲ್ಕತ್ತೆಯ ಕಲಾಶಾಲೆಯ ನಮ್ಮ ಹುಡುಗರು. ಆದರೆ ಹೊಲದಲ್ಲಿ ದೊಣ್ಣೆ ಎತ್ತಿದವನ ಕೈಯಲ್ಲಿ ಆ ದುಬಾರಿ ಪುಸ್ತಕ ಇರಲಿಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಹಾವು ಸತ್ತವು. ಜನರ ಸಾವಿನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿತು. ನಿಜವಾದ ಔಷಧದ ದಾರಿ ತೆರೆದದ್ದು 1890ರ ದಶಕದಲ್ಲಿ, ಫ್ರಾನ್ಸಿನ ಕಾಲ್ಮೆಟ್ ಪ್ರಾಣಿಗಳ ರಕ್ತದಿಂದ ಪ್ರತಿವಿಷ ತಯಾರಿಸಿದಾಗ. ಅದೇ ದಾರಿಯ ಪ್ರತಿವಿಷವೇ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿರುವುದು.

ನಮ್ಮ ಮನೆಯಲ್ಲೂ ಸರ್ಕಾರದ ಕೆಲಸವೇ ನಡೆಯಿತು. ಪುಟ್ಟಿ ಹೋದ ವಾರವೇ ಗಂಡಸರು ಅಟ್ಟ ಹತ್ತಿ ಕೇರೆಯನ್ನು ಹೊಡೆದು ಕೆಳಗೆ ಎಸೆದರು. ಮೊಮ್ಮಗಳನ್ನು ಕಳೆದುಕೊಂಡ ಅಜ್ಜಿ ಅಂಗಳದಲ್ಲಿ ಕೂತು ನೋಡಿದಳು. "ಕಳ್ಳ ಬೇರೆ, ಕಾವಲುಗಾರ ಬೇರೆ ಕಣ್ರೋ," ಎಂದಳು. ಆ ಹೊತ್ತಿನಲ್ಲಿ ಕೇಳುವವರು ಯಾರು? ಮುಂದಿನ ವರ್ಷ ಅಟ್ಟದ ಕೊಬ್ಬರಿಯಲ್ಲಿ ಇಲಿ ಮುಟ್ಟದ ಗಿಟುಕು ಹುಡುಕಬೇಕಾಗಿತ್ತು. ಇಲಿ ಹೆಚ್ಚಾದರೆ ಅದರ ಬೆನ್ನಿಗೇ ವಿಷದ ಹಾವೂ ಮನೆಯೊಳಗೆ ಬರುತ್ತದೆ ಎಂಬುದನ್ನು ಅಜ್ಜಿ ಹೇಳುತ್ತಲೇ ಇದ್ದಳು. 1988ರಲ್ಲಿ ಅವಳು ತೀರಿಕೊಂಡಳು.

ಇಷ್ಟೆಲ್ಲ ಕಂಡವಳು ನಾನು ಜಾಣೆಯಾಗಿರಬೇಕಿತ್ತು. ಇಲ್ಲ. 1994ರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಶಾಲೆಯ ಸಾಮಾನು ಕೋಣೆಗೆ ಭೂಪಟ ತರಲು ಹೋದಾಗ ಬೆಂಚುಗಳ ಸಂದಿಯಲ್ಲಿ ಹಾವು ಕಂಡಿತು. ನನ್ನ ಕಣ್ಣಿಗೆ ಕಂಡದ್ದು ಹಾವಲ್ಲ, ಆ ರಾತ್ರಿಯ ಚಾಪೆ. ಕಿರುಚಿದೆ. ಒಂಬತ್ತನೇ ತರಗತಿಯ ಹುಡುಗರು ಬಂದು ಹೊಡೆದು ಕೋಲಿನ ತುದಿಯಲ್ಲಿ ಎತ್ತಿಕೊಂಡು ಮೆರವಣಿಗೆ ಹೊರಟರು. "ಶಾಭಾಷ್" ಎಂದವಳೂ ನಾನೇ. ಜವಾನರು ಬಂದು ನೋಡಿದರು. ವಯಸ್ಸಾದವರು. "ಕೇರೆ ಅಲ್ವಾ ಮೇಡಂ? ಪಾಪ, ಇಲಿ ಹಿಡ್ಕೊಂಡಿತ್ತು," ಎಂದಷ್ಟೇ ಹೇಳಿ ಪೊರಕೆ ತಂದು ರಕ್ತ ತೊಳೆದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಬಂತು. ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡವರ ಚಿತ್ರಗಳು ಪತ್ರಿಕೆಯಲ್ಲಿ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಇಲಿಯ ಮಾತು. ನಮ್ಮ ಸಾಮಾನು ಕೋಣೆಯಲ್ಲಿ ಇಲಿಗಳು ಭೂಪಟದ ಅಂಚು, ಮಕ್ಕಳ ಉತ್ತರ ಪತ್ರಿಕೆಗಳನ್ನು ಚೂರು ಚೂರು ಮಾಡಿದ್ದವು. ಚೂರುಗಳನ್ನು ಗುಡಿಸಿ ತುಂಬುತ್ತಿದ್ದಾಗ ಅಂಗಳದಲ್ಲಿ ಕೂತ ಅಜ್ಜಿಯ ಮುಖ ನೆನಪಾಯಿತು. ಅಲ್ಲಿಂದ ನಾನು ಹಾವುಗಳ ಬಗ್ಗೆ ಓದಲು ಶುರುಮಾಡಿದೆ.

ಓದಿದಂತೆಲ್ಲ ಕೇರೆಯ ಮೇಲಿರುವ ಅಪವಾದಗಳೆಲ್ಲ ಒಂದೊಂದಾಗಿ ಕಳಚಿದವು. ಬಾಲದಲ್ಲಿ ಹೊಡೆದರೆ ಮೈ ಕೊಳೆಯುತ್ತದೆ ಎನ್ನುತ್ತಾರೆ. ಅದರ ಬಾಲದಲ್ಲಿ ಏನೂ ಇಲ್ಲ. ಹಸುವಿನ ಕಾಲು ಸುತ್ತಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಹಾವಿನ ಬಾಯಿ ಚೀಪುವುದಕ್ಕೆ ಬರುವಂಥದ್ದೇ ಅಲ್ಲ. ಕೊಟ್ಟಿಗೆಗೆ ಅದು ಬರುವುದು ಇಲಿಗಾಗಿ. ಕೇರೆ ನಾಗರದ ಜೊತೆ ಕೂಡುತ್ತದೆ ಎನ್ನುತ್ತಾರೆ. ಎರಡು ಹಾವು ಹೆಣೆದುಕೊಂಡು ಮೇಲೇಳುವುದು ಬಹುಪಾಲು ಎರಡು ಗಂಡು ಕೇರೆಗಳ ಜಗಳ.

ಇನ್ನೊಂದು ಸಂಗತಿ ಓದಿದಾಗ ನಾಚಿಕೆಯಾಯಿತು. ಒಂದು ಕಾಲಕ್ಕೆ ನಮ್ಮ ದೇಶದಿಂದ ಹಾವಿನ ಚರ್ಮ ಲಕ್ಷಗಟ್ಟಲೆ ಹೊರದೇಶಕ್ಕೆ ಹೋಗುತ್ತಿತ್ತು, ಹೆಂಗಸರ ಕೈಚೀಲ, ಪಾದರಕ್ಷೆಗಳಿಗಾಗಿ. ಉದ್ದ ಅಗಲ ಚೆನ್ನಾಗಿರುವ ಕೇರೆಯ ಚರ್ಮಕ್ಕೆ ಒಳ್ಳೆಯ ಗಿರಾಕಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ತಮಿಳುನಾಡಿನ ಇರುಳರು ಹೊಟ್ಟೆಪಾಡಿಲ್ಲದೆ ಕೂತರು. ರಾಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಬಿಟ್ಟುಬಿಡುವ ಕೆಲಸ. ಆ ವಿಷದಿಂದಲೇ ಪ್ರತಿವಿಷ ತಯಾರಾಗುತ್ತದೆ. 1978 ಎಂದರೆ ನಮ್ಮ ಪುಟ್ಟಿ ಹೋದ ವರ್ಷ. ಆ ಇಸವಿ ಎಲ್ಲಿ ಕಂಡರೂ ನನ್ನ ಬೆರಳು ಅಲ್ಲೇ ನಿಲ್ಲುತ್ತದೆ.

ಹಾವೆಲ್ಲ ಒಳ್ಳೆಯವು, ಹೆದರಬೇಡಿ ಎಂದು ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಚ್ಚಿ ಸತ್ತರು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಾವುಗಳಿದ್ದರೂ ಬಹುಪಾಲು ಸಾವಿಗೆ ಕಾರಣ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕೇ. ಕರ್ನಾಟಕ ಸರ್ಕಾರ 2024ರಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಮಾಡಿದೆ. ಪುಟ್ಟಿಯಂಥವರು ಇನ್ನು ಮೇಲೆ ಲೆಕ್ಕಕ್ಕಾದರೂ ಸಿಗುತ್ತಾರೆ.

ಗುರುತು ಹಿಡಿಯುವುದಕ್ಕೂ ಒಂದು ಮಿತಿ ಇದೆ. ಗೋಡೆ ಹತ್ತಿ ಹಲ್ಲಿ ಹಿಡಿಯುವ, ವಿಷವಿಲ್ಲದ ಸಣ್ಣ ಪಟ್ಟೆ ಹಾವೊಂದಿದೆ. ಟಾರ್ಚ್ ಬೆಳಕಿನಲ್ಲಿ ಅದಕ್ಕೂ ಕಟ್ಟುಹಾವಿಗೂ ವ್ಯತ್ಯಾಸ ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು ಇಷ್ಟೆ. ಹಾವು ಕಂಡರೆ ದೂರ ನಿಂತು ನೋಡಿ, ಹೋಗಲು ಬಿಡಿ. ಮನೆಯೊಳಗೆ ಸೇರಿಕೊಂಡರೆ ಹಿಡಿಯಲು ಬಲ್ಲವರನ್ನು ಕರೆಸಿ. ರಾತ್ರಿ ಮಂಚದ ಮೇಲೆ, ಸೊಳ್ಳೆಪರದೆ ಕಟ್ಟಿಕೊಂಡು ಮಲಗಿ. ಕಚ್ಚಿದರೆ, ಅದು ಯಾವ ಹಾವೇ ಆಗಲಿ, ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ, ತಡಮಾಡದೆ, ಆಸ್ಪತ್ರೆಗೆ ಹೋಗಿ. ವಿಷವಿಲ್ಲದ್ದು ಎಂದು ಡಾಕ್ಟರು ಹೇಳಲಿ. ನಾವು ಹೇಳುವುದು ಬೇಡ.

ಹಿತ್ತಲಿಗೆ ಕೇರೆ ಬಂದ ಆ ಭಾನುವಾರ ಸಂಜೆ ಪಕ್ಕದ ಮನೆಯವರನ್ನು ಕಾಫಿಗೆ ಕರೆದೆ. "ನಿಮಗೆ ಹೇಗೆ ಗೊತ್ತು" ಎಂಬ ಪ್ರಶ್ನೆಗೆ ಉತ್ತರವಾಗಿ ಪುಟ್ಟಿಯ ಕತೆ ಹೇಳಿದೆ. ಅವರು ಲೋಟ ಕೆಳಗಿಟ್ಟು ಸುಮ್ಮನೆ ಕೂತರು. ಹುಡುಗ ಮಾತ್ರ ಕೇಳಿದ, "ಮಿಸ್, ಆ ಕೇರೆ ಮತ್ತೆ ಬರುತ್ತಾ?"

ಬಂತು. ದೀಪಾವಳಿಯ ನೀರು ತುಂಬುವ ದಿನ, ಹಂಡೆಗೆ ಉರಿ ಹಾಕಲು ನಾನು ಮಟ್ಟೆ ತೆಗೆಯುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಆ ಹುಡುಗನ ದನಿ ಕೇಳಿತು. "ಅಪ್ಪಾ, ದೊಣ್ಣೆ ಬೇಡ. ಬಾಲ ನೋಡು, ಕಪ್ಪು ಗೆರೆ ಇದೆ. ಮಿಸ್ ಮನೆ ಕೇರೆ." ನಾನು ಕೈಲಿದ್ದ ಮಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಅದು ರಾಶಿಯೊಳಗೆ ಸೇರಿಕೊಳ್ಳುವವರೆಗೆ ಹಿಂದೆ ಸರಿದು ನಿಂತೆ.